ಕಾಡಿನ ಇಂಟರ್ನ್‌ಶಿಪ್‌ಗೆ 8,500 ರೂಪಾಯಿ ಕಟ್ಟಬೇಕಾ?

ಪದವಿನಹುಡುಗಿ · ಶನಿವಾರ ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಝುವಾಲಜಿ, ಮೂರನೇ ಸೆಮಿಸ್ಟರ್. ಮನೆ ಕಾಸರಗೋಡಿನ ಬಾಯಾರು ಕಡೆ. ನಮ್ಮದು ಹೊಸ ನಾಲ್ಕು ವರ್ಷದ ಡಿಗ್ರಿ, ಕಣ್ಣೂರು ಯೂನಿವರ್ಸಿಟಿ. ಅದರಲ್ಲಿ 2 ಕ್ರೆಡಿಟ್‌ನ ಇಂಟರ್ನ್‌ಶಿಪ್ ಮಾಡ್ಲೇಬೇಕು. ಕ್ಲಾಸಿನ ಹೆಚ್ಚಿನವರು ಯಾವುದಾದ್ರೂ ಲ್ಯಾಬಿಗೆ ಹೋಗಿ ಸಹಿ ಹಾಕಿಸಿಕೊಂಡು ಬರುವ ಅಂದಾಜಿನಲ್ಲಿದ್ದಾರೆ. ನನಗೆ ವನ್ಯಜೀವಿ ಕಡೆಗೇ ಹೋಗ್ಬೇಕು ಅಂತ ಆಸೆ.

ಮೊನ್ನೆ ಇನ್‌ಸ್ಟಾದಲ್ಲಿ ಒಂದು ಜಾಹೀರಾತು ಬಂತು. 7 ದಿನ, ಸಫಾರಿ, ಹಾವು ಹಿಡಿಯುವ ಡೆಮೊ, ಟೆಂಟಿನಲ್ಲಿ ವಾಸ, ಕೊನೆಗೆ ಸರ್ಟಿಫಿಕೇಟ್. 8,500 ರೂಪಾಯಿ. ಅಪ್ಪನ ಹತ್ರ ಕೇಳಿದ್ದಕ್ಕೆ "ಕಾಡು ನೋಡ್ಲಿಕ್ಕೆ ದುಡ್ಡು ಎಂತಕ್ಕೆ, ರಾತ್ರಿ ತೋಟದ ಮೇಲೆ ಹೋಗು, ಹಂದಿ ಹಿಂಡೇ ಉಂಟು" ಅಂದ್ರು. ಅವರು ತಮಾಷೆಗೆ ಹೇಳಿದ್ದು, ನನಗೆ ಅಳು ಬಂತು.

ಈ ಕ್ಷೇತ್ರದಲ್ಲಿ ಇರುವವರು ಯಾರಾದ್ರೂ ಹೇಳಿ. ಕಟ್ಟಬಹುದಾ?


ಕ್ಯಾಮೆರಾಟ್ರ್ಯಾಪ್ · ಶನಿವಾರ ರಾತ್ರಿ 9.40

ಕಟ್ಟಬೇಡ. ವಿವರ ನಾಳೆ ಬರೀತೇನೆ, ಈಗ ಬಸ್ಸಲ್ಲಿದ್ದೇನೆ.


ನೀರ್ಚಾಲಿನವ · ಶನಿವಾರ ರಾತ್ರಿ 9.58

ಹಾವು ಹಿಡಿಯುವ ಡೆಮೊ ಅಂತ ಓದಿದ ಕೂಡ್ಲೇ ನಾನು ನಿಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಾಗರಹಾವನ್ನೋ ಕೇರೆಯನ್ನೋ ಹಿಡಿದು ಜನರಿಗೆ ತೋರಿಸುವುದು ಆಟ ಅಲ್ಲ, ಅಪರಾಧ. ಕೇರಳದಲ್ಲಿ 2020ರಿಂದ ಅರಣ್ಯ ಇಲಾಖೆಯದ್ದೇ 'ಸರ್ಪ' ಆ್ಯಪ್ ಉಂಟು. ತರಬೇತಿ ಆಗಿ ಇಲಾಖೆಯ ಸರ್ಟಿಫಿಕೇಟ್ ಇದ್ದವರು ಮಾತ್ರ ಹಾವು ಹಿಡಿಯಬೇಕು, ಅದೂ ಮನೆಯೊಳಗೆ ಬಂದದ್ದನ್ನು ಸಾಗಿಸ್ಲಿಕ್ಕೆ. ಡೆಮೊ ಕೊಡುವವನಿಗೆ ಕಾಯ್ದೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮಾಡುತ್ತಾನೆ. ಎರಡರಲ್ಲಿ ಯಾವುದಾದ್ರೂ ಅವನ ಹತ್ರ ಕಲೀಲಿಕ್ಕೆ ಎಂತ ಉಂಟು?


ಬೆಂಗಳೂರ್‌ರಿಟರ್ನ್ · ಶನಿವಾರ ರಾತ್ರಿ 10.21

ಎಲ್ಲರೂ ಹೆದರಿಸಬೇಡಿ ಮಾರ್ರೆ. ಎಲ್ಲೆಡೆ ದುಡ್ಡು ಕೊಟ್ಟೇ ಕಲಿಯುವುದು. ಕೋಡಿಂಗ್ ಕ್ಲಾಸಿಗೆ 40 ಸಾವಿರ ಕೊಡುವಾಗ ಯಾರೂ ಕೇಳುವುದಿಲ್ಲ. ಒಂದು ವಾರ ಕಾಡಿನಲ್ಲಿ ಇದ್ದರೆ ಹುಡುಗಿಗೆ ಇದು ತನಗೆ ಆಗುತ್ತದಾ ಇಲ್ವಾ ಅಂತ ಗೊತ್ತಾಗ್ತದೆ. ಅಷ್ಟಾದ್ರೂ ಲಾಭ.


ಮುಳ್ಳೇರಿಯಮೇಷ್ಟ್ರು · ಭಾನುವಾರ ಬೆಳಿಗ್ಗೆ 6.35

ಬೆಂಗಳೂರಿನ ಮಿತ್ರರ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಳ್ಳೆಯ ತರಬೇತಿಗೂ ಶುಲ್ಕ ಇರಬಹುದು, ಊಟ-ವಸತಿಗೆ ಖರ್ಚು ಬಂದೇ ಬರುತ್ತದೆ. ಆದರೆ ಅದಕ್ಕೆ ಕೋರ್ಸ್ ಎಂದು ಹೆಸರು. ಇಂಟರ್ನ್‌ಶಿಪ್ ಎಂದರೆ ನಡೆಯುತ್ತಿರುವ ಒಂದು ಕೆಲಸಕ್ಕೆ ಕೈಜೋಡಿಸುವುದು. ನೀನು ಹೋಗದಿದ್ದರೂ ಆ ಕೆಲಸ ನಡೆಯುತ್ತಿರಬೇಕು. ನೀನು ಬಾರದೆ ಇದ್ದರೆ ಕ್ಯಾಂಪೇ ಇಲ್ಲ ಎಂದಾದರೆ ಅಲ್ಲಿ ನೀನು ಗಿರಾಕಿ.

ಫೋನ್ ಮಾಡಿ ಎರಡು ಪ್ರಶ್ನೆ ಕೇಳು. ನಾನು ಬರೆದುಕೊಂಡ ಮಾಹಿತಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕಾಡಿನೊಳಗೆ ಹೋಗುವ ಅನುಮತಿ ಪತ್ರ ಯಾರ ಹೆಸರಿನಲ್ಲಿದೆ? ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಲು ಕಾಯ್ದೆಯ 28ನೇ ಸೆಕ್ಷನ್ನಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನಿಜವಾದ ತಂಡಕ್ಕೆ ಈ ಕಾಗದ ತರುವುದರಲ್ಲೇ ತಿಂಗಳುಗಳು ಕಳೆದಿರುತ್ತವೆ, ಆದ್ದರಿಂದ ಕೇಳಿದ ಕೂಡಲೇ ಅವರಿಗೆ ಉತ್ತರ ಬಾಯಲ್ಲೇ ಇರುತ್ತದೆ.


ಅಡಿಕೆ_ಕಾರಡ್ಕ · ಭಾನುವಾರ ಬೆಳಿಗ್ಗೆ 7.50

ನಾನೊಂದು ಹೇಳ್ತೇನೆ, ಯಾರೂ ಬೇಜಾರು ಮಾಡ್ಬೇಡಿ. ವನ್ಯಜೀವಿ ಅಂದ್ರೆ ನಿಮಗೆಲ್ಲ ಆಸೆ, ನಮಗೆ ನಿದ್ದೆ ಇಲ್ಲದ ರಾತ್ರಿ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಆನೆ ಬಂದು ಹೋದ ತೋಟ ನೋಡಿದ್ದೀರಾ? ಬಾಳೆ ಒಂದೂ ನಿಂತಿರುವುದಿಲ್ಲ. ತೂಗುವ ಸೋಲಾರ್ ಬೇಲಿ ಬಂದ ಮೇಲೆ ಸ್ವಲ್ಪ ಕಡಿಮೆ ಆಯ್ತು, ಇಲ್ಲ ಅಂತ ಹೇಳುವುದಿಲ್ಲ. ಹಂದಿಯದ್ದು ಬೇರೆ ಕಥೆ. 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಹಂದಿ ಕೊಲ್ಲಿಸುವ ಅಧಿಕಾರ ಸಿಕ್ಕಿತು. ಅಧಿಕಾರ ಬಂತು, ಕೋವಿ ಲೈಸೆನ್ಸ್ ಇರುವವ ಎಲ್ಲಿ?

ಇಂಟರ್ನ್‌ಶಿಪ್ ಮಾಡುವ ಮಕ್ಕಳು ಒಮ್ಮೆಯೂ ನಮ್ಮ ತೋಟಕ್ಕೆ ಬರ್ಲಿಲ್ಲ. ಬೇಲಿಯಲ್ಲಿ ಕರೆಂಟ್ ಎಷ್ಟು ದಿನ ಇರ್ತದೆ, ಬಳ್ಳಿ ಹಬ್ಬಿ ಎಲ್ಲೆಲ್ಲಿ ನೆಲಕ್ಕೆ ತಾಗಿದೆ, ಆನೆ ಯಾವ ಜಾಗದಲ್ಲಿ ದಾಟ್ತದೆ, ಅದನ್ನು ಯಾರಾದ್ರೂ ಮೂರು ತಿಂಗಳು ಬರೆದಿಟ್ಟರೆ ನಾನೇ ದಿನಾ ಊಟ ಹಾಕ್ತೇನೆ.


ಕ್ಯಾಮೆರಾಟ್ರ್ಯಾಪ್ · ಭಾನುವಾರ ಬೆಳಿಗ್ಗೆ 11.05

ಕಾರಡ್ಕದ ಅಣ್ಣ ಕೊಟ್ಟದ್ದು ಒಂದು ಎಂಎಸ್ಸಿ ಪ್ರಾಜೆಕ್ಟಿನ ಪ್ರಶ್ನೆ. ನಿಜಕ್ಕೂ.

ಈಗ ನನ್ನ ಕಥೆ. ಡಿಗ್ರಿ ಮುಗಿಸಿ ಘಟ್ಟದ ಮೇಲೆ ಒಂದು ತಂಡದ ಜೊತೆ ಎರಡೂವರೆ ತಿಂಗಳು ಇದ್ದೆ, ಹೆಸರು ಬೇಡ. ತಿಂಗಳಿಗೆ 6,000 ಕೊಟ್ಟರು. ಹುಲಿ ನೋಡ್ತೇನೆ ಅಂತ ಹೋದವ ನಾನು, ಮೊದಲ ಹತ್ತು ದಿನ ಮಾಡಿದ್ದು ಬ್ಯಾಟರಿ ಚಾರ್ಜ್. ಎಂಟೆಂಟು ಸೆಲ್, ಯಾವುದರಲ್ಲಿ ಎಷ್ಟು ವೋಲ್ಟ್ ಅಂತ ಒಂದು ರೂಲು ಪುಸ್ತಕದಲ್ಲಿ ಬರೆಯುವುದು. ಆಮೇಲೆ ಕ್ಯಾಮೆರಾ ಕಟ್ಟುವುದು, ಎದುರು ಏನಾದ್ರೂ ಅಲುಗಾಡಿದ್ರೆ ತಾನೇ ಫೋಟೊ ತೆಗೆಯುವಂಥದ್ದು. ದಾರಿಯ ಎರಡೂ ಬದಿಗೆ ಒಂದೊಂದು, ಮೊಣಕಾಲಿನ ಎತ್ತರಕ್ಕೆ. ಯಾಕೆ ಎರಡು ಬದಿ? ಹುಲಿಯ ಬಲಮಗ್ಗುಲ ಪಟ್ಟೆ ಬೇರೆ, ಎಡಮಗ್ಗುಲದ್ದು ಬೇರೆ. ಎರಡೂ ಸಿಕ್ಕಿದರೆ ಮಾತ್ರ ಯಾವ ಹುಲಿ ಅಂತ ಗಟ್ಟಿಯಾಗಿ ಹೇಳಬಹುದು. ಕ್ಯಾಮೆರಾ ಎದುರಿನ ಹುಲ್ಲನ್ನು ಕತ್ತಿಯಲ್ಲಿ ಸವರಬೇಕು. ಒಂದು ಕಡೆ ನಾನು ಸೋಮಾರಿತನದಲ್ಲಿ ಒಂದೇ ಒಂದು ಎಸಳು ಬಿಟ್ಟೆ. ಅದು ಗಾಳಿಗೆ ಆಡಿದ ಹಾಗೆಲ್ಲ ಕ್ಯಾಮೆರಾ ಕ್ಲಿಕ್ಕಿಸಿ ನಾಲ್ಕು ದಿನದಲ್ಲಿ ಕಾರ್ಡು ತುಂಬಿತು. 11,000 ಫೋಟೊ, ಎಲ್ಲವೂ ಹುಲ್ಲು. ಅದನ್ನೆಲ್ಲ ನೋಡಿ 'ಖಾಲಿ, ಖಾಲಿ, ಖಾಲಿ' ಅಂತ ಗುರುತು ಹಾಕುವ ಕೆಲಸ ಯಾರಿಗೆ ಬಿತ್ತು ಅಂತ ಹೇಳ್ಬೇಕಾ?

ಹುಲಿ ಕಣ್ಣಿಗೆ ಬೀಳಲೇ ಇಲ್ಲ. ಲದ್ದಿ, ಹಿಕ್ಕೆ ಬೇಕಾದಷ್ಟು ಕಂಡೆ.

ಆದರೆ ಮುಖ್ಯ ವಿಷಯ ಇದು. ಎರಡನೇ ತಿಂಗಳಲ್ಲಿ ಅವರು ಊರಿನ ಜನರ ಹತ್ರ ಬೆಳೆ ಹಾನಿಯ ಬಗ್ಗೆ ಕೇಳುವ ಸರ್ವೆ ಶುರು ಮಾಡಿದರು. ತಂಡದಲ್ಲಿ ಪುಣೆಯವ ಒಬ್ಬ, ಕಲ್ಕತ್ತಾದವಳು ಒಬ್ಬಳು, ಇಬ್ಬರೂ ನನಗಿಂತ ಹತ್ತು ಪಾಲು ಬುದ್ಧಿವಂತರು. ಜನರ ಹತ್ರ ಮಾತಾಡ್ಲಿಕ್ಕೆ ಭಾಷೆ ಇಲ್ಲ. ನನಗೆ ಕನ್ನಡ, ತುಳು, ಮಲಯಾಳ, ಸ್ವಲ್ಪ ಬ್ಯಾರಿ. ಆ ದಿನದಿಂದ ನಾನು ಬ್ಯಾಟರಿ ಹುಡುಗ ಅಲ್ಲ. ಅಜ್ಜಿಯೊಬ್ಬರು ಜಗಲಿಯಲ್ಲಿ ಕೂರಿಸಿ ಬೆಲ್ಲ-ನೀರು ಕೊಟ್ಟು, ಯಾವ ವರ್ಷ ಕಾಟಿ (ಕಾಡುಕೋಣ) ಬಂತು, ಯಾವ ವರ್ಷ ಬಿದಿರು ಹೂ ಬಿಟ್ಟು ಸತ್ತಿತು ಅಂತ ಎಲ್ಲ ಹೇಳಿದರು. ಪ್ರಶ್ನಾವಳಿಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ನಾನು ಹಿಂಬದಿಯಲ್ಲಿ ಬರೆದೆ. ಕೊನೆಗೆ ಅವರಿಗೆ ಕೆಲಸಕ್ಕೆ ಬಂದದ್ದು ಹಿಂಬದಿಯೇ.

ಕಾಸರಗೋಡು ಸಪ್ತಭಾಷಾ ಸಂಗಮ ಅಂತ ನಾವು ಭಾಷಣದಲ್ಲಿ ಹೇಳಿ ಹೇಳಿ ಸವೆಸಿದ್ದೇವಲ್ಲ, ಅದನ್ನು ಅರ್ಜಿಯಲ್ಲಿ ಬರಿ ಪದವಿನಹುಡುಗಿ. ಮೊದಲ ಸಾಲಿನಲ್ಲೇ ಬರಿ.


ಪದವಿನಹುಡುಗಿ · ಭಾನುವಾರ ಮಧ್ಯಾಹ್ನ 12.30

ಥ್ಯಾಂಕ್ಸ್ ಅಣ್ಣ. ಆ ನಂಬರಿಗೆ ಫೋನ್ ಮಾಡಿ ಮೇಷ್ಟ್ರ ಎರಡು ಪ್ರಶ್ನೆ ಕೇಳಿದೆ. ಮೊದಲನೇದಕ್ಕೆ "ಡೇಟಾ ಅಂತ ಏನಿಲ್ಲ, ಎಕ್ಸ್‌ಪೀರಿಯೆನ್ಸ್ ಮುಖ್ಯ" ಅಂದ್ರು. ಎರಡನೇದಕ್ಕೆ "ರೆಸಾರ್ಟಿನವರದ್ದು ಎಲ್ಲ ಸೆಟ್ ಉಂಟು". ಫೋನ್ ಇಟ್ಟೆ.

ಹಾಗಾದ್ರೆ ಎಲ್ಲಿಗೆ ಹೋಗುವುದು? ನಮ್ಮ ಜಿಲ್ಲೆಯಲ್ಲಿ ಅಭಯಾರಣ್ಯವೇ ಇಲ್ಲವಲ್ಲ.


ಚಂದ್ರಗಿರಿತೀರ · ಭಾನುವಾರ ಮಧ್ಯಾಹ್ನ 1.15

ಅಭಯಾರಣ್ಯ ಇಲ್ಲ, ಆದರೆ ಇಡೀ ದೇಶದಲ್ಲಿ ಮೊದಲು ತನ್ನದೇ ಅಂತ ಒಂದು ಪ್ರಾಣಿ, ಹಕ್ಕಿ, ಮರ, ಹೂವು ಘೋಷಣೆ ಮಾಡಿದ ಜಿಲ್ಲೆ ನಮ್ಮದು, 2023ರಲ್ಲಿ. ಮರ ಕಾಸರಕ. ಅದು ಆಗದೆ ಮತ್ತೆ ಯಾವುದಾಗ್ತದೆ? ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಹೂವು 'ಪೆರಿಯ ಪೊಲತ್ತಾಳಿ', ಹೆಸರಿನಲ್ಲೇ ನಮ್ಮ ಪೆರಿಯ ಊರು ಉಂಟು. ಪ್ರಾಣಿ ಯಾವುದು ಗೊತ್ತಾ? ಆಮೆ. ಮಲಯಾಳದಲ್ಲಿ ಪಾಲಪ್ಪೂವನ್ ಅಂತ ಹೇಳುವ ಮೆದುಚಿಪ್ಪಿನ ದೈತ್ಯ ಆಮೆ. ಒಂದು ಮೀಟರ್‌ವರೆಗೆ ಬೆಳೀತದೆ, ಆದ್ರೂ ಹೊಳೆ ಬದಿಯಲ್ಲಿ ಹುಟ್ಟಿ ಬೆಳೆದವರಲ್ಲೂ ನೂರಕ್ಕೆ ತೊಂಬತ್ತು ಜನ ನೋಡಿರ್ಲಿಕ್ಕಿಲ್ಲ. ಯಾಕಂದ್ರೆ ದಿನವಿಡೀ ಮರಳಿನೊಳಗೆ ಹೂತು, ಕಣ್ಣು ಮೂಗು ಮಾತ್ರ ಹೊರಗೆ ಹಾಕಿ ಮೀನು ಕಾಯುವ ಜಾತಿ ಅದು.

ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ ಸುಳ್ಯ ದಾಟಿ ನಮ್ಮಲ್ಲಿ ಚಂದ್ರಗಿರಿ ಆಗುವ ದಾರಿಯಲ್ಲಿ ಈ ಆಮೆ ಇದೆ ಅಂತ ಸಂಶೋಧಕರಿಗೆ ಗೊತ್ತಾದದ್ದು ಹೇಗೆ? ದೋಣಿಯವರ, ಬಲೆ ಹಾಕುವವರ ಬಾಯಿಂದ. ಅವರು ಫೋನ್ ಮಾಡಿ "ಇಲ್ಲಿ ಒಂದು ಸಿಕ್ಕಿದೆ" ಅಂತ ಹೇಳ್ತಾ ಹೇಳ್ತಾ ಲೆಕ್ಕ ಬೆಳೆಯಿತು. ದಡದ ಮರಳಿನಲ್ಲಿ ಮೊಟ್ಟೆ ಇಡ್ತದೆ, ಹೊಳೆ ನೀರು ಏರಿದರೆ ಗೂಡು ಮುಳುಗಿ ಮೊಟ್ಟೆ ಹಾಳು. ಹಾಗೆ ಮುಳುಗುವ ಗೂಡಿನ ಮೊಟ್ಟೆ ತೆಗೆದು ಮರಿ ಮಾಡಿ ಹೊಳೆಗೆ ಬಿಟ್ಟದ್ದೂ ಉಂಟು, ಊರವರನ್ನೇ ಸೇರಿಸಿಕೊಂಡು.

ಕಡಲಾಮೆ ಬೇಕಿದ್ದರೆ ನೀಲೇಶ್ವರದ ತೈಕ್ಕಡಪ್ಪುರದಲ್ಲಿ 'ನೈತಲ್' ತಂಡ ಉಂಟು. ಆಲಿವ್ ರಿಡ್ಲೆ ಮೊಟ್ಟೆ ಕಾಯುವವರು. ಒಂದೊಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರ್ಲಿಕ್ಕೆ 45ರಿಂದ 60 ದಿನ. ರಾತ್ರಿ ಕಡಲ ಬದಿ ನಡೆಯುವ ಕೆಲಸ, ಮನೆಯಲ್ಲಿ ಒಪ್ಪಿಸು ಮೊದಲು.


ಕುಂಬಳೆಕಾಕ · ಭಾನುವಾರ ಸಂಜೆ 4.02

ಅನಂತಪುರ ದೇವಸ್ಥಾನದ ಮೊಸಳೆ ಬಬಿಯಾ ಇದ್ದಿದ್ದರೆ ಅಲ್ಲೇ ಇಂಟರ್ನ್‌ಶಿಪ್ ಮಾಡಬಹುದಿತ್ತು. ದಿನಾ ಅನ್ನದ ಉಂಡೆ ಕೊಟ್ಟು ಡೇಟಾ ಬರೆದರಾಯ್ತು. 2022ರಲ್ಲಿ ತೀರಿಕೊಂಡಿತು ಪಾಪ.


ಮಾಡರೇಟರ್ · ಭಾನುವಾರ ಸಂಜೆ 4.10

ಬಬಿಯಾ ಸಸ್ಯಾಹಾರಿಯೋ ಅಲ್ಲವೋ ಅನ್ನುವ ಚರ್ಚೆ ಇಲ್ಲಿ ಬೇಡ. ಹಿಂದೆ 140 ಕಮೆಂಟ್ ಆಗಿತ್ತು.


ಮುಳ್ಳೇರಿಯಮೇಷ್ಟ್ರು · ಭಾನುವಾರ ಸಂಜೆ 5.25

ದೊಡ್ಡ ಸಂಸ್ಥೆಗಳನ್ನೂ ಹೇಳಿಬಿಡುತ್ತೇನೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಕೊಯಮತ್ತೂರಿನ ಸಲೀಂ ಅಲಿ ಪಕ್ಷಿಶಾಸ್ತ್ರ ಕೇಂದ್ರ, ತ್ರಿಶ್ಶೂರಿನ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ, ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್, ಬೆಂಗಳೂರಿನ ಏಟ್ರೀ. ಇವುಗಳ ವೆಬ್‌ಸೈಟಿನಲ್ಲಿ ಆಗಾಗ ಕರೆ ಬರುತ್ತದೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಎರಡು ತಿಂಗಳದ್ದು, ಹಣವನ್ನೂ ಕೊಡುತ್ತಾರೆ. ಮೂರನೇ ಸೆಮಿಸ್ಟರಿಗೆ ಇವೆಲ್ಲ ಸಿಗುವುದು ಕಷ್ಟ, ಸ್ಪರ್ಧೆ ಜೋರು. ಸಿಗದಿದ್ದರೆ ಎದೆಗುಂದಬೇಡ.

ಹತ್ತಿರದವು: ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಪಡನ್ನಕ್ಕಾಡಿನ ಕೃಷಿ ಕಾಲೇಜು, ಕೂಡ್ಲಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ. ಸಿಪಿಸಿಆರ್‌ಐ ಎಂದರೆ ತೆಂಗು ಮಾತ್ರ ಎಂದು ಮೂಗು ಮುರಿಯಬೇಡ. ಮಣ್ಣು, ಎರೆಹುಳ, ಕೀಟ, ನೀರು ಎಲ್ಲವೂ ಸಂರಕ್ಷಣೆಯೇ.

ಇನ್ನೊಂದು ಬಾಗಿಲನ್ನು ಯಾರೂ ತಟ್ಟುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ನಿಮ್ಮ ಪಂಚಾಯತಿನ ಆ ದಾಖಲೆಯನ್ನು ಕೇಳಿ ಓದು. ಮಲಯಾಳದಲ್ಲಿರುತ್ತದೆ. ನಮ್ಮ ಕಡೆಯ ಬನ (ದೇವರ ಕಾಡು), ಪಳ್ಳ, ಮದಕಗಳ (ನೀರು ನಿಲ್ಲುವ ಹೊಂಡ, ಕೆರೆ) ಹೆಸರು ಎಷ್ಟೋ ಕಡೆ ತಪ್ಪಾಗಿಯೇ ಕೂತಿರುತ್ತವೆ.


ಬೆಂಗಳೂರ್‌ರಿಟರ್ನ್ · ಭಾನುವಾರ ಸಂಜೆ 6.00

ಪಂಚಾಯತ್ ಆಫೀಸಿಗೆ ಹೋದ್ರೆ ಕನ್ನಡದಲ್ಲಿ ಅರ್ಜಿ ತೆಗೊಳ್ತಾರಾ ಮೇಷ್ಟ್ರೇ? ನನ್ನದು ಒಮ್ಮೆ ವಾಪಸ್ ಬಂದಿದೆ.


ಮುಳ್ಳೇರಿಯಮೇಷ್ಟ್ರು · ಭಾನುವಾರ ಸಂಜೆ 6.14

ಭಾಷಾ ಅಲ್ಪಸಂಖ್ಯಾತರಾಗಿ ನಮಗೆ ಹಕ್ಕಿದೆ, ತೆಗೆದುಕೊಳ್ಳಲೇಬೇಕು. ಕೆಲವೊಮ್ಮೆ ಜಗಳವೂ ಆಡಬೇಕು. ಆದರೆ ಈ ಹುಡುಗಿಗೆ ಬೇಕಾದದ್ದು ಸಹಿ, ಜಗಳ ಅಲ್ಲ. ಎರಡೂ ಭಾಷೆಯಲ್ಲಿ ಬರೆದು ಕೊಡಲಿ.


ಕಾಡಮ್ಮೆ · ಭಾನುವಾರ ರಾತ್ರಿ 8.47

ಹುಡುಗಿಯರಿಗೆ ಮಾತ್ರ ಗೊತ್ತಿರುವ ವಿಷಯ ಬರೀತೇನೆ. ಹೋಗುವ ಮೊದಲು ಕೇಳು: ಉಳಿಯುವಲ್ಲಿ ಬಾತ್‌ರೂಮಿಗೆ ಒಳಗಿಂದ ಚಿಲಕ ಉಂಟಾ, ತಂಡದಲ್ಲಿ ಇನ್ನೊಬ್ಬಳು ಹೆಂಗಸು ಇದ್ದಾಳಾ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ದೂರು ಕೊಡ್ಲಿಕ್ಕೆ ಯಾರು. ಕೇಳಿದ್ದಕ್ಕೆ ಮುಖ ಹುಳಿ ಮಾಡುವ ಕಡೆಗೆ ಹೋಗ್ಬೇಡ. ನಾನು ಕೇಳದೆ ಹೋಗಿ ಒಂಬತ್ತನೇ ದಿನಕ್ಕೆ ಬ್ಯಾಗ್ ಕಟ್ಟಿಕೊಂಡು ಬಂದವಳು. ವರ್ಷಗಟ್ಟಲೆ ನನ್ನದೇ ತಪ್ಪು ಅಂತ ತಿಳ್ಕೊಂಡಿದ್ದೆ.

ಮತ್ತೆ ಇಂಬುಳಕ್ಕೆ (ಜಿಗಣೆಗೆ) ಹೆದರ್ಬೇಡ, ಉಣ್ಣಿಗೆ ಹೆದರು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ. ಕಾಡಿಂದ ಬಂದ ಕೂಡ್ಲೇ ಬಟ್ಟೆ ಬಿಸಿನೀರಿಗೆ, ಮೈಯೆಲ್ಲ ನೋಡ್ಕೊಳ್ಬೇಕು, ಕಿವಿ ಹಿಂದೆ, ಮೊಣಕಾಲಿನ ಹಿಂದೆ. ಜ್ವರ ಬಂದ್ರೆ ಡಾಕ್ಟ್ರಿಗೆ ಕಾಡಿಗೆ ಹೋಗಿದ್ದೆ ಅಂತ ಹೇಳ್ಲೇಬೇಕು.


ಏತಡ್ಕ_ಕಟ್ಟ · ಭಾನುವಾರ ರಾತ್ರಿ 9.30

ಎಲ್ಲರೂ ಪ್ರಾಣಿ ಹೇಳಿದ್ರು, ನೀರು ಯಾರೂ ಹೇಳಲಿಲ್ಲ. ಹುಡುಗಿ ಬಾಯಾರಿನವಳು ಅಂತ ಹೇಳಿದ್ದಾಳೆ. ಬಾಯಾರು ಅಂದ್ರೆ ಸುರಂಗ! ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಪಿಕ್ಕಾಸಿನಲ್ಲಿ ಕೊರೆದದ್ದು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳ್ತದೆ. ಕೊರೆಯುವವರು ಮುಂದೆ ಹೋಗಬಹುದಾ ಅಂತ ತಿಳ್ಕೊಳ್ಲಿಕ್ಕೆ ಒಳಗೆ ದೀಪ ಹಿಡಿದು ಹೋಗ್ತಿದ್ರು, ದೀಪ ಮಂಕಾದ್ರೆ ಗಾಳಿ ಸಾಲದು ಅಂತ ಲೆಕ್ಕ. ಹಳೆ ಸುರಂಗದಲ್ಲಿ ಬಾವಲಿ ನೇತಾಡ್ತದೆ, ಕಪ್ಪೆ ಇರ್ತದೆ. ಝುವಾಲಜಿಯವಳಿಗೆ ಅದೂ ಉಂಟು.

ಶ್ರೀ ಪಡ್ರೆಯವರು ವರ್ಷಗಟ್ಟಲೆ ಈ ಸುರಂಗ, ಕಟ್ಟಗಳ (ತೋಡಿಗೆ ಅಡ್ಡ ಹಾಕುವ ಒಡ್ಡು) ಬಗ್ಗೆ ಬರೆದದ್ದರಿಂದ ಹೊರಗಿನವರಿಗೆ ಗೊತ್ತಾಯ್ತು. ಆದ್ರೆ ಯಾವ ಸುರಂಗದಲ್ಲಿ ಯಾವ ತಿಂಗಳು ಎಷ್ಟು ನೀರು ಅಂತ ಪ್ರತಿ ಮನೆಯ ಲೆಕ್ಕ ಎಲ್ಲಿಯೂ ಇಲ್ಲ. ಬೋರ್‌ವೆಲ್ ಹೊಡೆದ ಮೇಲೆ ಎಷ್ಟು ಬತ್ತಿತು ಅಂತ ಎಲ್ಲರೂ ಬಾಯಲ್ಲಿ ಹೇಳ್ತಾರೆ, ಸಂಖ್ಯೆ ಕೇಳಿದ್ರೆ ಸುಮ್ಮನೆ.

ಸಾಮಾನು ಏನು ಬೇಕು? 10 ಲೀಟರಿನ ಒಂದು ಬಾಲ್ದಿ, ಮೊಬೈಲಿನ ಸ್ಟಾಪ್‌ವಾಚ್. ಬಾಲ್ದಿ ತುಂಬ್ಲಿಕ್ಕೆ 40 ಸೆಕೆಂಡ್ ಆದ್ರೆ ನಿಮಿಷಕ್ಕೆ 15 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗಿ. ಜನವರಿಯಿಂದ ಮೇವರೆಗೆ ಪ್ರತಿ ಹದಿನೈದು ದಿನಕ್ಕೆ. ನೆನಪಿಟ್ಟುಕೊ, ಒಬ್ಬಳೇ ಒಳಗೆ ಹೋಗ್ಬಾರ್ದು, ಸುರಂಗದ ಬಾಯಿಯಲ್ಲೇ ಅಳತೆ ಸಾಕು.


ಕ್ಯಾಮೆರಾಟ್ರ್ಯಾಪ್ · ಭಾನುವಾರ ರಾತ್ರಿ 9.52

ಅಬ್ಬಾ. ಇದು ಮಾಡು. ಜೊತೆಗೆ ನಿನ್ನ ಹೆಸರಿನಲ್ಲೇ ಪದವು ಉಂಟಲ್ಲ, ಗುಡ್ಡದ ಮೇಲಿನ ಬಯಲು. ಮಳೆಗಾಲದಲ್ಲಿ ಪದವಿನ ಮುರಕಲ್ಲಿನ ಮೇಲೆ ನೀಲಿ ಹೂ ಹಾಸಿರ್ತದೆ, ಓಣಂ ಪೂಕಳಕ್ಕೆ ಹಾಕುವ ಕಾಕಪ್ಪೂ. ಅದು ಹುಳ ತಿನ್ನುವ ಗಿಡ ಅಂತ ನನಗೆ ಗೊತ್ತಾದದ್ದು ಡಿಗ್ರಿ ಮುಗಿದ ಮೇಲೆ. ನೀರಿನಡಿ ಸಾಸಿವೆಗಿಂತ ಸಣ್ಣ ಚೀಲಗಳು, ಸೂಕ್ಷ್ಮ ಜೀವಿ ತಾಗಿದ್ರೆ ಒಳಗೆ ಎಳೆದುಕೊಳ್ತದೆ. ಫೋಟೊ ತೆಗೆದು ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕ್ತಾ ಬಾ, ಕಂಡ ಹಕ್ಕಿಯ ಪಟ್ಟಿಯನ್ನು ಇ-ಬರ್ಡ್‌ಗೆ. 2015ರಿಂದ 2020ರವರೆಗೆ ಕೇರಳದ ಪಕ್ಷಿ ಅಟ್ಲಾಸ್ ಆದದ್ದು ಇಂಥ ಹವ್ಯಾಸಿಗಳಿಂದಲೇ. ಆರು ತಿಂಗಳ ಪಟ್ಟಿ ಇದ್ದವಳ ಅರ್ಜಿಯನ್ನು ಯಾರೂ ಪಕ್ಕಕ್ಕಿಡುವುದಿಲ್ಲ.

ಅರ್ಜಿಯಲ್ಲಿ 'ಬಾಲ್ಯದಿಂದ ಪ್ರಕೃತಿ ಎಂದರೆ ಪ್ರೀತಿ' ಅಂತ ಮಾತ್ರ ಬರೀಬೇಡ. ಓದಿ ಓದಿ ಅವರಿಗೆ ವಾಕರಿಕೆ ಬಂದಿರ್ತದೆ. ಯಾವ ದಿನದಿಂದ ಯಾವ ದಿನ ಬಿಡುವು, ಎಂತ ಮಾಡ್ಲಿಕ್ಕೆ ಬರ್ತದೆ, ಯಾವ ಭಾಷೆ. ಹತ್ತು ಸಾಲು ಸಾಕು.


ಅಡಿಕೆ_ಕಾರಡ್ಕ · ಭಾನುವಾರ ರಾತ್ರಿ 10.15

ನನ್ನ ಬೇಲಿ ಎಲ್ಲರೂ ಮರೆತ್ರಿ.


ಪದವಿನಹುಡುಗಿ · ಮುಂದಿನ ಶನಿವಾರ, ಸಂಜೆ 7.20

ಮರೆತಿಲ್ಲ ಅಣ್ಣ. ನಮ್ಮ ಕ್ಲಾಸಿನ ಮುಳಿಯಾರಿನ ಇಬ್ಬರಿಗೆ ಬೇಲಿ ವಿಷಯ ಹೇಳಿದ್ದೇನೆ, ಊಟದ ವಿಷಯವನ್ನೂ. ನಿಮಗೆ ಇನ್‌ಬಾಕ್ಸಿನಲ್ಲಿ ಮೆಸೇಜ್ ಮಾಡ್ತಾರೆ.

ಕಾಲೇಜಿನಲ್ಲಿ ಮೇಡಂ ಮೊದಲು "ಸುರಂಗ ಝುವಾಲಜಿ ಹೇಗಾಗ್ತದೆ" ಅಂತ ಕೇಳಿದ್ರು. ನೀರಿನ ಅಳತೆಯ ಜೊತೆ ಒಳಗಿನ ಬಾವಲಿ, ಕಪ್ಪೆ ಲೆಕ್ಕವನ್ನೂ ಬಾಯಿಯಿಂದಲೇ ಟಾರ್ಚ್ ಹಾಕಿ ಬರೀತೇನೆ ಅಂದೆ. ಪಂಚಾಯತಿನ ಸಮಿತಿಯಿಂದ ಕಾಗದ ತಂದ್ರೆ ಸಹಿ ಹಾಕ್ತೇನೆ ಅಂದ್ರು. ಪಂಚಾಯತಿನಲ್ಲಿ ಆ ದಾಖಲೆಯ ಪುಸ್ತಕ ಹುಡುಕ್ಲಿಕ್ಕೆ ಅವರಿಗೇ ಮುಕ್ಕಾಲು ಗಂಟೆ ಆಯ್ತು. ನಮ್ಮ ವಾರ್ಡಿನ ಪುಟದಲ್ಲಿ ಸುರಂಗ 4 ಅಂತ ಉಂಟು. ಅಪ್ಪ ಬೆರಳು ಮಡಚಿ ಎಣಿಸಿದ್ರು, ನಮ್ಮ ಬೈಲಿನಲ್ಲೇ 11.

ಇವತ್ತು ನಮ್ಮ ಮನೆಯದ್ದನ್ನು ಅಳೆದೆ. ಮೊದಲ ಸಲ 47 ಸೆಕೆಂಡ್, ಎರಡನೇ ಸಲ 52, ಮೂರನೇ ಸಲ 48. ಎರಡನೇದು ಯಾಕೆ ಜಾಸ್ತಿ ಅಂತ ನೋಡಿದ್ರೆ ಅಪ್ಪ ಆ ಕಡೆ ಪೈಪ್ ಬಿಟ್ಟು ಕೈಕಾಲು ತೊಳೀತಿದ್ರು. ಅದನ್ನು ಬಿಡುವುದಾ, ಬರೆದಿಟ್ಟು ಪಕ್ಕದಲ್ಲಿ ಕಾರಣ ಹಾಕುವುದಾ?


ಏತಡ್ಕ_ಕಟ್ಟ · ಶನಿವಾರ ಸಂಜೆ 7.41

ಬರೆದಿಡು, ಕಾರಣ ಹಾಕು. ಅಳಿಸ್ಬೇಡ. ಸರಾಸರಿಗೆ ಇನ್ನೊಮ್ಮೆ ಅಳೆ, ಅಪ್ಪ ಕೈಕಾಲು ತೊಳೆದು ಒಳಗೆ ಹೋದ ಮೇಲೆ.